ಹಲಸೂರು ಕೆರೆ ಬಳಿಯ ನೀರಿನ ಮೇಜು

ಭೀಮೇಶ,

ಇವತ್ತು ಮತ್ತೆ ಮ್ಯಾರಥಾನ್ ಇತ್ತು. ಹಲಸೂರು ಕೆರೆಯ ಹತ್ತಿರ ಓಟಗಾರರಿಗೆ ನೀರು ಕೊಡುವ ಮೇಜಿನ ಬಳಿ ಈ ಸಲವೂ ನಾನೇ ನಿಂತಿದ್ದೆ. ಹೋದ ವರ್ಷದ ಹಾಗೇ ಏಳು ಗಂಟೆಗೇ ಸೆಕೆ. ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಎಂಟರ ಹೊತ್ತಿಗೆ ನಿನ್ನ ವಯಸ್ಸಿನವನೊಬ್ಬ ತೂರಾಡುತ್ತಾ ಬಂದ. ಮುಖ ಕೆಂಪಾಗಿತ್ತು, ಬೆವರು ನಿಂತುಹೋಗಿತ್ತು. ನಾನು ಅವನ ತೋಳು ಹಿಡಿದುಕೊಂಡೆ.

"ಬಿಡಿ ಅಕ್ಕಾ, ಇನ್ನೆರಡೇ ಕಿಲೋಮೀಟರು."

"ಬಿಡಲ್ಲ. ಕೂತ್ಕೊಳಪ್ಪ."

ಬೈದ, ಕೊಸರಾಡಿದ. ಆಂಬುಲೆನ್ಸ್ ಬರುವವರೆಗೂ ನಾನು ಬಿಡಲಿಲ್ಲ. ಮಧ್ಯಾಹ್ನ ಅವನ ಹೆಂಡತಿ ನನ್ನ ನಂಬರ್ ಹುಡುಕಿ ಫೋನ್ ಮಾಡಿ, "ನಿಮ್ಮಿಂದ ಉಳ್ಕೊಂಡ್ರು" ಎಂದು ಅತ್ತಳು.

ಹೋದ ವರ್ಷ ನೀನೂ ಅದೇ ಮೇಜಿಗೆ ಒರಗಿ, "ತಲೆ ಸುತ್ತುತ್ತೆ ಅಕ್ಕಾ, ಸಾಕು" ಅಂದಿದ್ದೆ. ನಾನು ನಕ್ಕು, ನಿನ್ನ ಬೆನ್ನು ತಟ್ಟಿ, "ಎಲ್ಲರೂ ನೋಡ್ತಿದ್ದಾರೆ, ಓಡೋ" ಅಂದೆ. ಮುಂದಿನ ತಿರುವಿನಲ್ಲಿ ಬಿದ್ದವನು ನೀನು ಮತ್ತೆ ಏಳಲಿಲ್ಲ.

ನೀನು ನನ್ನ ಹತ್ತಿರ ನಿಲ್ಲಲೇ ಇಲ್ಲ, ನೀರನ್ನೂ ಮುಟ್ಟದೆ ಓಡಿಹೋದೆ ಎಂದು ಅಮ್ಮನಿಗೆ ಹೇಳಿದ್ದೇನೆ. ಅವಳು ಇವತ್ತೂ ನಿನ್ನ ಫೋಟೋದ ಮುಂದೆ ನಿಂತು ನಿನ್ನನ್ನೇ ಬೈದಳು: "ಒಂದು ನಿಮಿಷ ನಿಲ್ಲಕ್ಕೆ ಏನಾಗಿತ್ತೋ ನಿಂಗೆ? ಅಕ್ಕ ಅಲ್ಲೇ ಇದ್ಲಲ್ಲೋ."