ಎತ್ತದ ಕೈ

ಮಾರ್ಚ್ ೨೮, ಶುಕ್ರವಾರ

ನಮ್ಮ ವಿದ್ಯಾರ್ಥಿ ಪರಿಸರ ಸಂಘ ಇಂದು ಮುಚ್ಚಿತು. ಹಳಬರು ಓದು ಮುಗಿಸಿ ಹೋದರು, ಹೊಸಬರು ಬರಲಿಲ್ಲ. ಕಾಲೇಜಿನ ಹಿಂದಿನ ಗೊಬ್ಬರದ ಗುಂಡಿಗೆ ಹಸಿಕಸ ಹಾಕುವವರೂ ಇಲ್ಲ. ಮುಚ್ಚೋಣವೆಂದು ನಾಲ್ಕು ಕೈ ಎದ್ದವು, ಬೇಡವೆಂದು ಮೂರು. ಸಮವಾದರೆ ಸಂಘ ಉಳಿಯಬೇಕೆಂಬ ನಿಯಮ ಬರೆದವಳು ನಾನೇ. ಆದರೂ ತಲೆ ತಗ್ಗಿಸಿ ನಡಾವಳಿ ಬರೆಯುತ್ತಲೇ ಇದ್ದೆ. ಕೈ ಎತ್ತಿದರೆ ಎಲ್ಲರೂ ನನ್ನನ್ನೇ ನೋಡುತ್ತಾರೆಂಬ ಹೆದರಿಕೆ.

ಹೊರಗೆ ಬಂದಾಗ ಅಧ್ಯಕ್ಷೆ ಅಕ್ಕ ಕೇಳಿದಳು: "ಸಾಹಿತ್ಯ ಓದಿದೋಳು, ಪುಟಗಟ್ಟಲೆ ಬರೀತೀಯ. ಒಂದು ಕೈ ಎತ್ತೋಕಾಗ್ಲಿಲ್ವೇನೇ?"

"ಮುಚ್ಚೋದು ಬೇಡ ಅಂತಾನೇ ಇತ್ತು, ಅಕ್ಕಾ."

"ಈಗ ನಂಗೆ ಹೇಳಿ ಏನು ಬಂತು!" ಎಂದು ನಕ್ಕಳು. ಕಣ್ಣು ಒದ್ದೆಯಾಗಿತ್ತು.

ಈಗಷ್ಟೇ ನಡಾವಳಿಯ ಶುದ್ಧಪ್ರತಿ ಮಾಡಿದೆ. 'ತಟಸ್ಥರು: ಒಬ್ಬರು.' ನಾನು ತಟಸ್ಥಳಾಗಿರಲಿಲ್ಲ. ಹಾಗೆಂದು ಬರೆಯಲು ಆ ಪುಸ್ತಕದಲ್ಲಿ ಅಂಕಣವೇ ಇಲ್ಲ.