ಇಬ್ಬನಿ ಸಾಲಿನಲ್ಲಿ ಓಡುತ್ತ ಆಡಿದ ಮಾತು

ಎರಡನೇ ಮುಂಗಾರು ನಿಂತ ನೂರಾ ಹದಿನಾಲ್ಕನೆಯ ವರ್ಷ,
ಹದಿಮೂರನೇ ತಿಂಗಳು, ನಲವತ್ತೊಂದನೆಯ ದಿನ.

ಎದೆಯ ಮೇಲೆ ಸಂಖ್ಯೆ ಅಂಟಿಸಿಕೊಂಡು ಓಡುತ್ತಿರುವ ತಾಯಿಗೆ,

ಈ ತಾರೀಖು ನಿಮಗೆ ತಪ್ಪಾಗಿ ಕಾಣಬಹುದು. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸುವುದಿಲ್ಲವೆಂದು ನಮ್ಮ ಹಿರಿಯರು ಒಂದು ಉದ್ದನೆಯ ತಿಂಗಳನ್ನು ಸೇರಿಸಿದ್ದಾರೆ. ನನ್ನ ಮಾತುಗಳಲ್ಲಿಯೂ ನಿಮಗೆ ತಿಳಿಯದವು ಇರಬಹುದು, ಕ್ಷಮಿಸಿ. ನಾನು ಓದಿದ್ದು ನಾಲ್ಕನೇ ತರಗತಿಯವರೆಗೆ. ಆಮೇಲೆ ಇಲ್ಲಿ ಎಲ್ಲ ಮಕ್ಕಳೂ ಬಲೆ ಹೆಣೆಯಲು ಹೋಗುತ್ತಾರೆ. ನನ್ನ ಹೆಸರು ಚಂಪವ್ವ. ನಾನಿರುವ ಗುಡ್ಡವನ್ನು ನೀವು ಕಪ್ಪತಗುಡ್ಡ ಎನ್ನುತ್ತಿದ್ದಿರಂತೆ. ನೀವು ನೆಟ್ಟ ಗಾಳಿಕಂಬಗಳು ಇನ್ನೂ ನಿಂತಿವೆ, ರೆಕ್ಕೆಗಳು ಮಾತ್ರ ಇಲ್ಲ.

ನಿಮ್ಮನ್ನು ನಾನು ನೋಡಿದ್ದು ಶಾಲೆಯ ಗೋಡೆಯ ಮೇಲಿನ ಚಿತ್ರದಲ್ಲಿ. ದೊಡ್ಡ ರಸ್ತೆ, ತುಂಬ ಜನ, ಎಲ್ಲರೂ ಓಡುತ್ತಿದ್ದಾರೆ. ನಡುವೆ ನೀವು ತುಂಬಿದ ಹೊಟ್ಟೆ ಹೊತ್ತು, ಬಾಯಿ ತೆರೆದು ಓಡುತ್ತಿದ್ದೀರಿ. ಇವರೆಲ್ಲ ಎಲ್ಲಿಗೆ ಹೋಗುತ್ತಿದ್ದಾರೆ ಎಂದು ನಾವು ಕೇಳಿದಾಗ ಗುರುಗಳು, ಎಲ್ಲಿಗೂ ಇಲ್ಲ, ಓಡಿ ತಿರುಗಿ ಮನೆಗೇ ಹೋಗುತ್ತಾರೆ ಎಂದರು. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಈಗ ನನಗೂ ಏಳು ತಿಂಗಳು ತುಂಬುತ್ತಿದೆ.

ಇಲ್ಲಿ ಓಡುವುದು ಕೆಲಸ. ಗಾಳಿಕಂಬದಿಂದ ಕಂಬಕ್ಕೆ ಬಲೆ ಕಟ್ಟಿದ್ದೇವೆ. ರಾತ್ರಿ ಬಲೆಗೆ ಕೂತ ಇಬ್ಬನಿ ಕೆಳಗಿನ ಕಲ್ಲುದೋಣಿಗಳಿಗೆ, ಎಂದರೆ ಕಲ್ಲಿನ ತೊಟ್ಟಿಗಳಿಗೆ, ಇಳಿಯುತ್ತದೆ. ದೋಣಿ ಅಗಲ, ಆಳ ನಾಲ್ಕು ಬೆರಳು. ಬಿಸಿಲು ಬೀಳುವುದರೊಳಗೆ ಮುಚ್ಚಳ ಹಾಕದಿದ್ದರೆ ನೀರು ಆರಿ ಹೋಗುತ್ತದೆ. ನನ್ನ ಸಾಲಿನಲ್ಲಿ ಹನ್ನೊಂದು ದೋಣಿ, ಎರಡು ಹರದಾರಿ ದಾರಿ. ಬೆಳಕು ಹರಿದಾಗಿನಿಂದ ಸೂರ್ಯ ಕಂಬದ ಸೊಂಟಕ್ಕೆ ಬರುವವರೆಗಿನ ಹೊತ್ತನ್ನು ತಂಪು ಗಳಿಗೆ ಎನ್ನುತ್ತೇವೆ. ಅಷ್ಟರಲ್ಲಿ ಮುಗಿಸಬೇಕು, ನಡೆದರೆ ಆಗುವುದಿಲ್ಲ. ಈ ಸಾಲು ನನ್ನ ಅವ್ವನದು. ಅವಳು ಹೋದ ಮೇಲೆ ನನಗೆ ಬಂತು. ಒಮ್ಮೆ ಸಾಲು ಬೇರೆಯವರ ಕೈಗೆ ಹೋದರೆ ತಿರುಗಿ ಬರುವುದಿಲ್ಲ. ನನ್ನ ಗಂಡ ಬಾವಿ ತೋಡುವವರ ಸಂಗಡ ಬಡಗಣಕ್ಕೆ ಹೋಗಿ ಐದು ತಿಂಗಳಾಯಿತು. ನನ್ನದು ಎಂದು ಹೇಳಿಕೊಳ್ಳಲು ಈಗ ಈ ದಾರಿ ಒಂದೇ ಇದೆ.

ಬಸುರಿ ಓಡಬಾರದು ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಸೂಲಗಿತ್ತಿಯೂ ಸಾಲು ಹಂಚುವವಳೂ ಆದ ಕಲ್ಲಮ್ಮಾಯಿಯ ಕಟ್ಟಳೆ ಒಂದೇ. ಓಡುವ ಬಸುರಿ ಮಾತಾಡುತ್ತ ಓಡಬೇಕು. ಒಂದು ವಾಕ್ಯ ಪೂರ್ತಿ ಹೇಳಲು ಉಸಿರು ಸಾಲದಿದ್ದರೆ ಅಲ್ಲಿಯೇ ನಿಧಾನ ಮಾಡಿ ನಡೆಯಬೇಕು. ಅದಕ್ಕಾಗಿ ಜೊತೆಗೊಬ್ಬಳು ಓಡುತ್ತಾಳೆ, ಅವಳನ್ನು ಮಾತುಗಾತಿ ಎನ್ನುತ್ತೇವೆ. ನನ್ನ ಮಾತುಗಾತಿ ನಾದಿನಿ ತುಂಗವ್ವ. ನನಗೆ ಮಾತು ಬಾರದು, ಅವಳಿಗೆ ಮಾತು ನಿಲ್ಲದು. ಮೊದಲನೇ ದಿನವೇ ಅವಳು, "ವೈನಿ, ನೀ ಬರೇ ಹೂಂ ಅನ್ನು, ಉಳಿದದ್ದು ನಾ ನೋಡ್ಕೋತೀನಿ" ಎಂದಳು. ನನಗೂ ಅದೇ ಬೇಕಿತ್ತು. ಎರಡು ತಿಂಗಳು ಅವಳು ಮಾತಾಡಿದಳು, ನಾನು ಹೂಂ ಎಂದೆ. ಮಾತು ನಡೆಯುತ್ತಿದೆಯಲ್ಲ ಎಂದು ಇಬ್ಬರೂ ನೆಮ್ಮದಿಯಾಗಿದ್ದೆವು. ಒಂದು ಬೆಳಿಗ್ಗೆ ಎಂಟನೇ ದೋಣಿಯ ಹತ್ತಿರ ನನಗೆ ಕಣ್ಣುಕತ್ತಲೆ ಬಂತು, ಕುಸಿದೆ. ಪಕ್ಕದ ಮನೆಯ ಆಡು ಯಾರದೋ ನೆರಳುಬಟ್ಟೆ ತಿಂದ ಕಥೆಯನ್ನು ಹೇಳುತ್ತ ತುಂಗವ್ವ ಇನ್ನೂ ಇಪ್ಪತ್ತು ಹೆಜ್ಜೆ ಓಡಿಹೋಗಿದ್ದಳು. ಹೂಂ ಕೇಳದೆ ಹೋದಾಗಲೇ ಅವಳು ತಿರುಗಿ ನೋಡಿದ್ದು.

ಕಲ್ಲಮ್ಮಾಯಿ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಳು. ಕೂಸು ಒದೆಯಿತು. ಆಮೇಲೆ ಬೈಗುಳ ಸುರುವಾಯಿತು. "ಹೊಟ್ಟಿ ಆಕೀದು, ಉಸಿರು ಆಕೀದು, ಮಾತು ಅಷ್ಟ ನಿಂದೇನ?" ಎಂದು ತುಂಗವ್ವನಿಗೆ. "ನಾ ನಗಿಸಾಕ ಹೋಗಿದ್ದೆ, ಆಯಿ" ಎಂದು ತುಂಗವ್ವ ಅತ್ತಳು. ಆಯಿ ನನ್ನ ಕಡೆ ತಿರುಗಿ, "ಬಾಯಿ ಐತಲ್ಲ ನಿನಗ? ಒಂಬತ್ತು ದಿನ ಒಬ್ಬಾಕೀನ ಓಡು. ಆರನೇ ದೋಣಿ ಹತ್ರ ನಾ ಕುಂತಿರ್ತೀನಿ. ನಿನ್ನ ಮಾತು ನನ್ನ ಕಿವಿಗೆ ಬೀಳಲಿಲ್ಲಂದ್ರ ಸಾಲು ಬ್ಯಾರೆ ಯಾರಿಗರೆ ಕೊಡ್ತೀನಿ" ಎಂದಳು.

ಮೊದಲನೇ ದಿನ ನಾನು ಹೆಜ್ಜೆ ಎಣಿಸುತ್ತ ಓಡಿದೆ. "ಎಣಿಸೋದು ಮಾತಲ್ಲ, ಎಣಿಕಿಗೆ ಉಸಿರು ಬೇಕಾಗೂದಿಲ್ಲ" ಎಂದು ಆಯಿ ಕೂಗಿದಳು. ಖಾಲಿ ಗುಡ್ಡದಲ್ಲಿ ಒಬ್ಬಳೇ ಮಾತಾಡುವುದಕ್ಕೆ ನನಗೆ ನಾಚಿಕೆ. ಮನೆಯಲ್ಲಿ ನಾಲ್ಕು ಜನರ ಎದುರು ಉಪ್ಪು ಕೇಳಲು ನಾಚುವವಳು ನಾನು. ಎರಡನೇ ದಿನ ನೀವು ನೆನಪಾದಿರಿ. ಚಿತ್ರದಲ್ಲಿ ನಿಮ್ಮ ಬಾಯಿ ತೆರೆದಿತ್ತಲ್ಲ, ಏದುಸಿರಲ್ಲ, ಮಾತೇ ಇರಬೇಕು ಎನಿಸಿತು. ನಿಮ್ಮ ಎದುರು ನನಗೆ ನಾಚಿಕೆಯಾಗಲಿಲ್ಲ. ನೀವು ಹೋಗಿ ಎಷ್ಟೋ ಕಾಲವಾಗಿದೆ, ನನ್ನನ್ನು ನೋಡಿ ನಗಲಾರಿರಿ.

ಅಂದಿನಿಂದ ಎಲ್ಲವನ್ನೂ ನಿಮಗೆ ಹೇಳಿದೆ. ಹೊಟ್ಟೆಯ ಕೆಳಗೆ ಅಗಲವಾದ ಬಟ್ಟೆ ಕಟ್ಟಿಕೊಳ್ಳುತ್ತೇನೆ, ಇಲ್ಲದಿದ್ದರೆ ಇಳಿಜಾರಿನಲ್ಲಿ ತೊಡೆಸಂದು ಹರಿದಂತಾಗುತ್ತದೆ ಎಂದೆ. ಮೊದಲು ದೊಡ್ಡ ಹೆಜ್ಜೆ ಹಾಕುತ್ತಿದ್ದೆ, ಈಗ ಕೋಳಿಯ ಹಾಗೆ ಸಣ್ಣ ಹೆಜ್ಜೆ. ನನ್ನ ಪಾದ ನನಗೇ ಕಾಣುವುದಿಲ್ಲ, ಕಲ್ಲು ಎಲ್ಲಿದೆ ಎಂದು ಕಾಲೇ ನೆನಪಿಟ್ಟುಕೊಂಡಿದೆ. ಪ್ರತಿ ದೋಣಿಯಲ್ಲೂ ಬಸುರಿಗೆ ಒಂದು ಬೊಗಸೆ ನೀರು ಕುಡಿಯುವ ಹಕ್ಕಿದೆ, ಕುಡಿದ ತಪ್ಪಿಗೆ ಎರಡು ದೋಣಿಗೊಮ್ಮೆ ಕಲ್ಲಿನ ಮರೆಗೆ ಓಡಬೇಕು. ಓಡುವಷ್ಟು ಹೊತ್ತು ಕೂಸು ತೊಟ್ಟಿಲಲ್ಲಿದ್ದ ಹಾಗೆ ಮಲಗಿರುತ್ತದೆ, ನಾನು ಕೂತ ಕೂಡಲೇ ಎದ್ದು ಒದೆಯುತ್ತದೆ. ನಿಮ್ಮದೂ ಹೀಗೆಯೇ ಇತ್ತೇ ಎಂದು ಕೇಳಿದೆ. ಹಗಲು ನಾವೆಲ್ಲ ನೆಲದೊಳಗಿನ ಮನೆಗಳಲ್ಲಿ ಮಲಗುತ್ತೇವೆ, ಎಲ್ಲರೂ ಒತ್ತೊತ್ತಾಗಿ, ಆದರೂ ನನ್ನ ಪಕ್ಕದ ಚಾಪೆ ಖಾಲಿ ಎಂದೆ. ಅದನ್ನು ನಾನು ತುಂಗವ್ವನಿಗೂ ಹೇಳಿರಲಿಲ್ಲ. ಆರನೇ ದೋಣಿಯ ಹತ್ತಿರ ಕಲ್ಲಮ್ಮಾಯಿ ಕಿವಿಗೆ ಕೈ ಹಿಡಿದು ಕೂತಿರುತ್ತಿದ್ದಳು. "ಯಾರ ಕೂಡ ಅದು?" ಎಂದು ಒಂದು ದಿನ ಕೇಳಿದಳು. ನಾನು ಹೇಳಿದೆ. "ಸತ್ತಾಕಿ ಚಲೋ, ಅಡ್ಡ ಮಾತಾಡೂದಿಲ್ಲ" ಎಂದು ಎಲೆ ಉಗುಳಿದಳು.

ಒಂಬತ್ತನೇ ದಿನ ಆರನೇ ದೋಣಿ ದಾಟಿದೆ. ಆಯಿ ಕೇಳಿಸಿಕೊಂಡು ತಲೆಯಾಡಿಸಿದಳು. ಇನ್ನು ಐದು ದೋಣಿ ಮುಚ್ಚಿದರೆ ಸಾಲು ನನ್ನದೇ. ಏಳನೇ ದೋಣಿಯ ಏರಿನಲ್ಲಿ ನಿಮಗೆ ನನ್ನ ಗಂಡನ ವಿಷಯ ಹೇಳುತ್ತಿದ್ದೆ, ಅವನು ನಗುವಾಗ ಹೇಗೆ ಕಾಣುತ್ತಾನೆಂದು. ಅರ್ಧಕ್ಕೆ ಮಾತು ಕಡಿಯಿತು. ಮತ್ತೆ ಹೇಳಲು ನೋಡಿದೆ, ಬರೇ ಗಾಳಿ ಬಂತು. ಅಲ್ಲಿ ಯಾರೂ ಇರಲಿಲ್ಲ. ಆಯಿಯ ಕಿವಿಗೆ ಆ ಏರು ದೂರ. ಸುಮ್ಮನೆ ಬಾಯಿ ಮುಚ್ಚಿಕೊಂಡು ಓಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಎರಡು ತಿಂಗಳು ಹಾಗೆಯೇ ಓಡಿದ್ದೆನಲ್ಲ. ಆದರೆ ನಾನು ನಿಮ್ಮ ಸಂಗಡ ಮಾತಾಡುತ್ತಿದ್ದೆ, ನಡುವೆ ಬಿಟ್ಟು ಓಡಿಹೋಗಲು ಮನಸ್ಸಾಗಲಿಲ್ಲ. ನಿಂತೆ. ಆಮೇಲೆ ನಡೆದೆ. ಏಳು, ಎಂಟು, ಒಂಬತ್ತು ಮುಚ್ಚಿದೆ. ಹತ್ತನೆಯದಕ್ಕೆ ಬರುವಾಗ ಸೂರ್ಯ ಕಂಬದ ಸೊಂಟ ದಾಟಿದ್ದ. ಹತ್ತು, ಹನ್ನೊಂದು ಎರಡೂ ಕಲ್ಲು ಒಣಗಿ ಬಿಳುಪಾಗಿದ್ದವು.

ಆ ಎರಡು ದೋಣಿಯ ನೀರು ಕುಡಿಯುವ ಮನೆಗಳು ಮೂರು. "ನಮ್ಮ ಮಕ್ಕಳಿಗೆ ಈಗ ನಿನ್ನ ಮಾತು ಕುಡಿಸೂಣೇನ?" ಎಂದು ಒಬ್ಬಳು ನನ್ನ ಎದುರೇ ಕೇಳಿದಳು. ನಾನು ತಲೆ ತಗ್ಗಿಸಿ ನಿಂತಿದ್ದೆ. ಸಾಲು ಹೋಯಿತು ಎಂದೇ ತಿಳಿದೆ. ಕಲ್ಲಮ್ಮಾಯಿ ನನ್ನ ಗಲ್ಲ ಹಿಡಿದು ಎತ್ತಿ, "ನಿಂತಿ, ಹೌದಿಲ್ಲೋ?" ಎಂದಳು. ಹೌದು ಎಂದೆ. "ಓಡೂದು ಎಲ್ಲಾರಿಗೂ ಬರ್ತದ. ಇಷ್ಟು ದಿನ ನಾ ಕಾಯ್ದದ್ದು ಇದಕ್ಕ" ಎಂದು ಆ ಮನೆಗಳಿಗೆ ತನ್ನ ಪಾಲಿನ ಕೊಡವನ್ನು ಕಳಿಸಿದಳು.

ಸಾಲು ಉಳಿಯಿತು. ಈಗ ಏಳನೇ ದೋಣಿಯವರೆಗೆ ನಾನು, ಆ ತುದಿಯಿಂದ ತುಂಗವ್ವ. ಆದರೂ ಆ ಮೂರು ಮನೆಯವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಇನ್ನು ಇಪ್ಪತ್ತು ದಿನಕ್ಕೆ ನಾನು ಓಟ ಬಿಟ್ಟು ಮನೆಯಲ್ಲಿ ಕೂರಬೇಕು. ಆಮೇಲೆ ಒಬ್ಬಳೇ ಮಾತಾಡಲು ನೆಪ ಇರುವುದಿಲ್ಲ. ಅದಕ್ಕೇ ಎಲ್ಲರೂ ಹಗಲುನಿದ್ದೆಯಲ್ಲಿರುವಾಗ, ಬೆಳಕಿಂಡಿಯ ಕೆಳಗೆ ಕೂತು ಇದನ್ನು ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ದಾರಿಯಲ್ಲಿ ಯಾವ ದೋಣಿಯೂ ತೆರೆದಿಲ್ಲ, ನೀವು ತಡವಾದರೆ ಯಾರ ನೀರೂ ಆರುವುದಿಲ್ಲ. ಓಡಿ, ಖಂಡಿತ ಓಡಿ. ಆದರೆ ಮಾತು ಕಡಿದಾಗ ನಿಲ್ಲಿ. ಎಲ್ಲರೂ ಮುಂದೆ ಹೋಗಲಿ. ಉಸಿರು ತಿರುಗಿದ ಮೇಲೆ ಏನಾದರೂ ಒಂದು ವಾಕ್ಯ ಪೂರ್ತಿ ಹೇಳಿ. ಇಲ್ಲಿಗೆ ಕೇಳಿಸುವುದಿಲ್ಲ, ಗೊತ್ತು. ಆದರೂ ಹೇಳಿ.

ಚಂಪವ್ವ