ಎರಡು ಗಾಜುಗಳ ನಡುವೆ

ಟಿಳಕವಾಡಿ, ಬೆಳಗಾವಿ
೧೦ ಮೇ ೧೯೮೩, ಮಂಗಳವಾರ

ನನ್ನ ಮುದ್ದಿನ ಅಪ್ಪಾ,

ಶನಿಯ ಬಳೆ ಕಂಡಿತು, ನಿಮ್ಮ ದುರ್ಬೀನಿನಲ್ಲೇ, ನಮ್ಮ ಮಾಳಿಗೆಯ ಮೇಲೇ, ಮತ್ತು ಅದರ ಗಾಜು ಕೆಡಿಸಿದ್ದು ಅವ್ವ ಅಲ್ಲವೇ ಅಲ್ಲ!

ನೋಡಿ, ಸಂತೋಷದಲ್ಲಿ ಶರಣು ಅನ್ನುವುದನ್ನೂ ಮರೆತೆ. ನಿಮಗೂ ಅವ್ವನಿಗೂ ಶರಣು. ಇಷ್ಟು ದಿನ ಕಾಗದ ಬರೆಯಲಿಲ್ಲವೆಂದು ಸಿಟ್ಟಾಗಬೇಡಿ. ದೇವರ ಜಗಲಿ ಒಂದನ್ನು ಬಿಟ್ಟರೆ ಈ ಮನೆಯ ಎಲ್ಲ ಕಡೆ ದುರ್ಬೀನಿನ ತುಣುಕುಗಳೇ ಹರಡಿದ್ದವು, ಕಾಗದ ಇಡಲು ಜಾಗವಿರಲಿಲ್ಲ!

ಮದುವೆಯ ಸಾಮಾನಿನ ಜೊತೆ ಅದನ್ನು ಕಳಿಸುವಾಗ ನೀವು "ಕುರುಡಾಗೇತಿ, ಮೂಲ್ಯಾಗ ನಿಲ್ಲಸ್ರಿ, ಚಂದ ಕಾಣ್ತೈತಿ" ಅಂದಿರಲ್ಲ, ನಿಮ್ಮ ಅಳಿಯನಿಗೆ ಆ ಮಾತು ಚುಚ್ಚಿಬಿಟ್ಟಿತ್ತು. "ಕುರುಡೋ, ಕಣ್ಣಾಗ ಕಸ ಬಿದ್ದೈತೋ, ಬಿಚ್ಚಿ ನೋಡೂಣು ಕಾಂತಾ" ಅಂದರು. ನನಗೆ ಮಾತ್ರ ಭಯ. ಕಂದೀಲಿನ ಗಾಜು ಉಜ್ಜುವ ಬೂದಿಯಲ್ಲೇ ಅವ್ವ ನಿಮ್ಮ ದೊಡ್ಡ ಗಾಜನ್ನೂ ಉಜ್ಜಿದಳು, ಅಂದಿನಿಂದ ಅದಕ್ಕೆ ಮಂಜು ಕವಿಯಿತು, ಈ ಕಥೆ ಕೇಳುತ್ತಲೇ ಬೆಳೆದವಳು ನಾನು. ಬಿಚ್ಚಿದರೆ ಅದೇ ನಿಜವೆಂದು ಕಂಡುಬಿಟ್ಟರೆ?

ಗಾಜನ್ನು ಹಿಡಿದಿಟ್ಟ ಹಿತ್ತಾಳೆಯ ಉಂಗುರ ಜಪ್ಪಯ್ಯ ಅಂದರೂ ತಿರುಗಲಿಲ್ಲ. ಸೈಕಲ್ ಟ್ಯೂಬು ಸುತ್ತಿ ಇವರು ತಿರುವಿದರು, ನಾನು ಕೊಳವೆಯನ್ನು ತಬ್ಬಿ ಹಿಡಿದೆ. ಅತ್ತೆ ಬಾಗಿಲಲ್ಲಿ ನಿಂತು, "ಹೊಸದಾಗಿ ಲಗ್ನ ಆದವ್ರು ಸಿನಿಮಾಕ್ಕ ಹೋಗ್ತಾರ. ನಮ್ಮವು ಕೊಳವಿ ಹಿಡದು ಜಗ್ಗ್ಯಾಡ್ತಾವ ನೋಡು!" ಅಂದರು. ನಕ್ಕ ಭರಕ್ಕೋ ಏನೋ, ಉಂಗುರ ಸಡಿಲಾಯಿತು. ನಾನು ಕೊಳವೆ ಸಮೇತ ಹಿಂದಕ್ಕೆ ಬಿದ್ದೆ!

ಅಪ್ಪಾ, ಒಳಗಿರುವುದು ಒಂದು ಗಾಜಲ್ಲ, ಎರಡು. ಒಂದು ಉಬ್ಬಿದ್ದು, ಇನ್ನೊಂದು ತಗ್ಗಿದ್ದು, ನಡುವೆ ಉಗುರಿನಷ್ಟು ಬೇಗಡೆಯ ಚೂರುಗಳು. ಹೊರಮೈಯಲ್ಲಿ ಅವ್ವನ ಬೂದಿಯ ಗೆರೆಗಳಿವೆ, ಸುಳ್ಳು ಹೇಳುವುದಿಲ್ಲ. ಆದರೆ ಕೂದಲಿಗಿಂತ ಸಣ್ಣವು, ಓರೆ ಹಿಡಿದರೆ ಮಾತ್ರ ಕಾಣುತ್ತವೆ. ಮಂಜು ಇದ್ದದ್ದು ಎರಡೂ ಗಾಜುಗಳ ನಡುವೆ! ಬೇರು ಬಿಟ್ಟ ಹಾಗೆ ಬೂಸ್ಟು ಹಬ್ಬಿತ್ತು. "ಇಲ್ಲಿ ಯಾರ ಕೈ ಹೋಗ್ತೈತಿ?" ಅಂದರು ಇವರು. ನಾನು ಅತ್ತುಬಿಟ್ಟೆ. ಪಾಪ, ಬೆರಳು ಕೊಯ್ದುಕೊಂಡೆನೆಂದು ತಿಳಿದು ಅರಿಶಿಣ ತರಲು ಓಡಿದರು.

ಯಾವ ಮುಖ ಹೊರಗಿತ್ತೆಂದು ಮರೆಯಬಾರದಲ್ಲ, ಅದಕ್ಕೆ ಅತ್ತೆ ಜಗಲಿಯಿಂದ ವಿಭೂತಿ ತಂದು ಉಬ್ಬಿದ ಗಾಜಿನ ಅಂಚಿಗೆ ಮೂರು ಗೆರೆ ಎಳೆದರು. "ಈ ಕಡಿ ಮಾರಿ ಹೊರಗ. ಇನ್ನ ತಪ್ಪೂದಿಲ್ಲ." ಎಂಥ ಉಪಾಯವೆಂದು ಹೊಗಳಿ, ಗಾಜನ್ನು ಸೋಪಿನ ನೀರಿನಲ್ಲಿ ಮುಳುಗಿಸಿದೆವು. ಬೂಸ್ಟೂ ಹೋಯಿತು, ವಿಭೂತಿಯೂ ಹೋಯಿತು! ಅತ್ತೆ ಹಣೆ ಬಡಿದುಕೊಂಡು, "ಜಳಕ ಆದಮ್ಯಾಲಲ್ಲೇನ ವಿಭೂತಿ ಹಚ್ಚೂದು? ದಿನಾ ಮಾಡಾಕಿ ನಾನ ಮರತ್ನೆಲ್ಲ!" ಅಂದರು.

ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ತೊಳೆದು, ಹಳೆಯ ಮೆತ್ತನೆ ಧೋತರದಲ್ಲಿ ಒತ್ತಿ, ಊಹೆಯ ಮೇಲೆ ಜೋಡಿಸಿದೆವು. ಶನಿ ಕಲಸಿಟ್ಟ ಹಿಟ್ಟಿನ ಉಂಡೆಯಂತೆ ಕಂಡ. ಉಬ್ಬಿದ ಗಾಜನ್ನು ತಿರುವಿ ಹಾಕಿ, ನಿನ್ನೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ನೋಡಿದೆವು. ಅಪ್ಪಾ! ಪುಟ್ಟ ಚೆಂಡು, ಸುತ್ತ ಬಳೆ, ನಡುವೆ ಕಪ್ಪು ಸಂದು! ಅತ್ತೆ ಒಂದು ಕಣ್ಣು ಮುಚ್ಚಿ, "ಅಯ್ಯ, ಎರಡೂ ಕಡಿ ಕಿವ್ಯಾಗ ಓಲಿ ಹಾಕ್ಕೊಂಡೈತಿ!" ಅಂದು ಕೆಳಗಿಳಿಯಲೇ ಒಲ್ಲೆ ಅಂದರು.

ನಮ್ಮ ಖಾನಾಪುರದ ಮಳೆಯ ಥಂಡಿಯೇ ಬೂಸ್ಟಿಗೆ ಕಾರಣವಂತೆ. ಮಂಜು ಮೊದಲೇ ಬಂದಿತ್ತು, ಅಪ್ಪಾ. ಅದನ್ನು ಕಂಡೇ ಅವ್ವ ಒರೆಸಿದ್ದು. ಆಮೇಲೆ ಯಾರೂ ಮುಟ್ಟಬಾರದೆಂದು ನೀವು ಕಂಬಳಿ ಸುತ್ತಿ ಪೆಟ್ಟಿಗೆಯಲ್ಲಿ ಕೀಲಿ ಹಾಕಿದಿರಿ. ಗಾಳಿಯಿಲ್ಲದೆ ಅದು ಇನ್ನಷ್ಟು ಬೆಳೆಯಿತು. ಬೇಜಾರಾಗಬೇಡಿ, ಗೊತ್ತಿದ್ದರೆ ಮಾಡುತ್ತಿದ್ದಿರಾ?

ನಮ್ಮಿಬ್ಬರನ್ನೂ ಆಶೀರ್ವದಿಸಿ.

ನಿಮ್ಮ ಮಗಳು,
ಕಾಂತಾ

ತಾ.ಕ.: ಈ ಕಾಗದವನ್ನು ಅವ್ವನಿಗೆ ಓದಿ ಹೇಳಬೇಡಿ. ಮದುವೆಯ ದಿನ ಫೋಟೋದವನು "ಯಜಮಾನರ ಚಸ್ಮಾ ಒರಸ್ರಿ, ಹೊಳಿಯಾಕತ್ತೈತಿ" ಅಂದಾಗ ಅವ್ವ ನಿಮ್ಮ ಚಸ್ಮಾಕ್ಕೆ ಕೈ ಚಾಚಿದಳು. ಚಾಚಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು "ನೀ ಒರಸ ಕಾಂತಾ" ಅಂದಳು. ಮದುಮಗಳ ಕೈಯಲ್ಲಿ! ನೀವು ಫೋಟೋದವನ ಕಡೆ ನೋಡುತ್ತಿದ್ದಿರಿ. ನಾನು ಅವಳಿಗೇ ಬರೆಯಬಹುದಿತ್ತು, ಬರೆಯಲಿಲ್ಲ. ಗಾಜು ಕೆಟ್ಟದ್ದು ತನ್ನಿಂದಲ್ಲ ಎಂದು ಅವಳು ಕೇಳಬೇಕಾದದ್ದು ನಿಮ್ಮ ಬಾಯಿಂದ. ಬಸವ ಜಯಂತಿಗೆ ನಾವಿಬ್ಬರೂ ದುರ್ಬೀನು ಹೊತ್ತುಕೊಂಡು ಬರುತ್ತೇವೆ, ಅವಳೇ ಮೊದಲು ನೋಡಬೇಕು. ಅಷ್ಟರೊಳಗೆ ಹೇಳಿಬಿಡಿ, ಅಪ್ಪಾ. ಶನಿವಾರ ಮುಂಜಾನೆ, ಲೋಂಡಾ ಪ್ಯಾಸೆಂಜರ್.